ಮೊಬೈಲಿನ ಧ್ವನಿಯೋ, ಎದುರು ಕುಳಿತ ಚಿಕಿತ್ಸಕರೋ?

ಶ್ರೀಮಠದ ಆವರಣದಲ್ಲಿ ನಡೆಯುವ ಆರೋಗ್ಯ ತಪಾಸಣಾ ಶಿಬಿರಕ್ಕೆ ಕಳೆದ ಹುಣ್ಣಿಮೆಯ ಮರುದಿನ ಅರಸೀಕೆರೆ ಕಡೆಯ ಸದ್ಭಕ್ತ ದಂಪತಿಗಳು ಬಂದಿದ್ದರು. ಯಜಮಾನರಿಗೆ 58ರ ಪ್ರಾಯ. ತೆಂಗಿನ ತೋಟವಿದೆ, ಕೊಬ್ಬರಿ ವ್ಯಾಪಾರವಿದೆ. ವರ್ಷದಿಂದ ನಿದ್ರೆ ಸರಿಯಿಲ್ಲವೆಂಬುದು ಅವರ ದೂರು. ರಕ್ತದೊತ್ತಡ ನೋಡಲು ಪಟ್ಟಿ ಕಟ್ಟುವ ಮೊದಲೇ ಅವರು ಜೇಬಿನಿಂದ ಮೊಬೈಲ್ ತೆಗೆದು ನಮ್ಮ ಮುಂದಿಟ್ಟು, “ಡಾಕ್ಟ್ರೇ, ಬೆಂಗಳೂರಿನಲ್ಲಿರೋ ಮಗ ಇದನ್ನ ಹಾಕಿಕೊಟ್ಟಿದ್ದಾನೆ. ಇದನ್ನ ಕೇಳಿದರೆ ನಮಗೆ ನಾವೇ ಹಿಪ್ನಾಟಿಸಂ ಮಾಡಿಕೊಳ್ಳಬಹುದಂತೆ. ಕೇಳಬಹುದೋ, ಬೇಡವೋ?” ಎಂದು ಕೇಳಿದರು. ಮಡದಿ ಪಕ್ಕದಿಂದ, “ಕೇಳ್ತಾ ಕೇಳ್ತಾ ಇವರು ಮಲಗ್ತಾರೆ, ಇವರ ಗೊರಕೆಗೆ ನಾನು ಎದ್ದು ಕೂತಿರ್ತೀನಿ” ಎಂದರು. ಸುತ್ತಲಿದ್ದವರು ನಕ್ಕರು. ಆ ತಾಯಿಯ ಮಾತಿನಲ್ಲಿಯೇ ರೋಗದ ಸುಳಿವಿತ್ತೆಂಬುದನ್ನು ಮುಂದೆ ಹೇಳುತ್ತೇವೆ.

ಅದೇ ದಿನ ಬೇಲೂರು ಕಡೆಯ ಕಾಫಿ ಬೆಳೆಗಾರ ಭಕ್ತರೊಬ್ಬರು ಇದೇ ವಿಷಯವನ್ನು ಬೇರೊಂದು ಬಗೆಯಲ್ಲಿ ಕೇಳಿದರು. ಅವರ ಮಗಳಿಗೆ ಪರೀಕ್ಷೆ ಬಂತೆಂದರೆ ಹೊಟ್ಟೆನೋವು, ಭೇದಿ. ನಗರದಲ್ಲಿ ‘ಹಿಪ್ನೋಥೆರಪಿಸ್ಟ್’ ಎಂಬ ಫಲಕ ಹಾಕಿಕೊಂಡಿರುವ ಒಬ್ಬರು ಹತ್ತು ಬೈಠಕ್ಕುಗಳ ಹಣವನ್ನು ಒಟ್ಟಿಗೇ ಕೇಳುತ್ತಿದ್ದಾರೆ. ಕೊಡಬಹುದೇ ಎಂಬುದು ಅವರ ಪ್ರಶ್ನೆ. ಒಂದೇ ಬೆಳಗಿನಲ್ಲಿ ಎರಡು ಬಾರಿ ಕೇಳಿಬಂದ ಈ ಸಂಗತಿ ಇನ್ನೂ ಎಷ್ಟೋ ಮನೆಗಳಲ್ಲಿ ಇದ್ದೀತೆಂದು ತೋರಿದ್ದರಿಂದ ಈ ತಿಂಗಳ ಆರೋಗ್ಯ ವಿಭಾಗವನ್ನು ಇದಕ್ಕೇ ಮೀಸಲಿಟ್ಟಿದ್ದೇವೆ.

ಮೊದಲು ಹೆಸರಿನ ಗೊಂದಲವನ್ನು ತೆಗೆದುಹಾಕೋಣ. ಸಮ್ಮೋಹನ ಎಂದೊಡನೆ ನಮ್ಮ ಜನರ ಮನಸ್ಸಿಗೆ ಬರುವುದು ವಶೀಕರಣ. ಶಾಲಾ ವಾರ್ಷಿಕೋತ್ಸವದ ವೇದಿಕೆಯಲ್ಲಿ ಜಾದೂಗಾರನು ಹುಡುಗನೊಬ್ಬನನ್ನು ಕೋಳಿಯಂತೆ ಕೂಗಿಸಿದ್ದನ್ನು ನೋಡಿದವರಿಗೆ ಬೇರೆ ಯಾವ ಅಭಿಪ್ರಾಯ ಬಂದೀತು? ಆದರೆ ವೈದ್ಯಕೀಯದಲ್ಲಿ ಬಳಸುವ ಸಮ್ಮೋಹನದಲ್ಲಿ ವಶಮಾಡಿಕೊಳ್ಳುವ ಮಾತೇ ಇಲ್ಲ. ಗಮನವನ್ನು ಒಂದೆಡೆ ನೆಲೆಗೊಳಿಸಿ, ದೇಹವನ್ನು ಸಡಿಲಗೊಳಿಸಿ, ಆ ಸ್ಥಿತಿಯಲ್ಲಿ ಮನಸ್ಸು ಒಪ್ಪಿಕೊಳ್ಳಬಲ್ಲ ಸೂಚನೆಗಳನ್ನು ನೀಡುವ ವಿಧಾನವದು. ಕುಳಿತವರಿಗೆ ಎಚ್ಚರವಿರುತ್ತದೆ, ಮಾತು ಕೇಳಿಸುತ್ತದೆ, ಬೇಡವೆನಿಸಿದರೆ ಕಣ್ತೆರೆದು ಎದ್ದುಹೋಗಬಹುದು. ವೇದಿಕೆಯ ಹುಡುಗ ಕೂಗಿದ್ದರಲ್ಲಿ ಜಾದೂಗಾರನ ಶಕ್ತಿಗಿಂತ ನೂರಾರು ಜನರ ಎದುರು ನಿಂತ ಹುಡುಗನ ಉತ್ಸಾಹವೇ ಹೆಚ್ಚು.

ಈ ವಿದ್ಯೆಯ ಇತಿಹಾಸದಲ್ಲಿ ಒಂದೆರಡು ಸಂಗತಿಗಳು ಇಂದಿಗೂ ಪಾಠ ಹೇಳುವಂಥವು. 18ನೆಯ ಶತಮಾನದ ಕೊನೆಯಲ್ಲಿ ಫ್ರಾಂಟ್ಸ್ ಆಂಟನ್ ಮೆಸ್ಮರ್ ಎಂಬ ವೈದ್ಯನು ತನ್ನ ಕೈಗಳಿಂದ ಹರಿಯುವ ಒಂದು ಕಾಂತಶಕ್ತಿ ರೋಗಗಳನ್ನು ಗುಣಪಡಿಸುತ್ತದೆಂದು ಹೇಳಿ ಪ್ಯಾರಿಸ್ ನಗರವನ್ನೇ ಮರುಳುಮಾಡಿದ್ದನು. ಫ್ರಾನ್ಸಿನ ದೊರೆ 1784ರಲ್ಲಿ ಪರೀಕ್ಷಾ ಮಂಡಳಿಯೊಂದನ್ನು ನೇಮಿಸಿದನು. ಬೆಂಜಮಿನ್ ಫ್ರಾಂಕ್ಲಿನ್, ರಸಾಯನಶಾಸ್ತ್ರಜ್ಞ ಲವಾಸಿಯೆ ಮುಂತಾದವರು ಅದರಲ್ಲಿದ್ದರು. ಫ್ರಾಂಕ್ಲಿನ್ನರ ತೋಟದಲ್ಲಿದ್ದ ಒಂದು ಏಪ್ರಿಕಾಟ್ ಮರಕ್ಕೆ ಮಾತ್ರ ಆ ‘ಶಕ್ತಿ’ಯನ್ನು ತುಂಬಿಸಿ, ಹುಡುಗನೊಬ್ಬನನ್ನು ಕಣ್ಣುಕಟ್ಟಿ ಮರದಿಂದ ಮರಕ್ಕೆ ನಡೆಸಿದರು. ಅವನು ಶಕ್ತಿ ತುಂಬಿದ ಮರವನ್ನು ಮುಟ್ಟುವ ಮೊದಲೇ, ಬೇರೊಂದು ಮರದ ಬಳಿ ಮೂರ್ಛೆಹೋದನು! ಕಾಂತಶಕ್ತಿಯೆಂಬುದು ಸುಳ್ಳು, ಆದರೆ ಹುಡುಗನ ಮೂರ್ಛೆ ಮಾತ್ರ ನಿಜ. ನಂಬಿಕೆ ಮತ್ತು ನಿರೀಕ್ಷೆಗಳು ಶರೀರದ ಮೇಲೆ ಇಷ್ಟು ಬಲವಾಗಿ ಕೆಲಸಮಾಡುತ್ತವೆಂಬುದನ್ನು ಆ ಪರೀಕ್ಷೆ ತೋರಿಸಿಕೊಟ್ಟಿತು.

ನಮ್ಮ ದೇಶಕ್ಕೆ ಸಂಬಂಧಿಸಿದ ಸಂಗತಿಯೂ ಒಂದಿದೆ. ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಜೇಮ್ಸ್ ಎಸ್‌ಡೇಲ್ 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಈ ವಿಧಾನದಿಂದ ರೋಗಿಗಳ ನೋವನ್ನು ತಗ್ಗಿಸಿ ಶಸ್ತ್ರಚಿಕಿತ್ಸೆ ಮಾಡತೊಡಗಿದನು. ಅರಿವಳಿಕೆಯ ಔಷಧಗಳು ಇನ್ನೂ ಬಳಕೆಗೆ ಬಾರದಿದ್ದ ಕಾಲವದು. ರೋಗಿಯ ಪಕ್ಕದಲ್ಲಿ ಗಂಟೆಗಟ್ಟಲೆ ಕುಳಿತು ಅವನನ್ನು ಆ ಸ್ಥಿತಿಗೆ ತರುತ್ತಿದ್ದವರು ಆಸ್ಪತ್ರೆಯ ಭಾರತೀಯ ಸಹಾಯಕರು. ಪುಸ್ತಕದ ಮೇಲೆ ಎಸ್‌ಡೇಲನ ಹೆಸರಿದೆ, ಬೆವರು ಸುರಿಸಿದವರ ಹೆಸರುಗಳಿಲ್ಲ. 1846ರಲ್ಲಿ ಕಲ್ಕತ್ತೆಯಲ್ಲಿ ಇದಕ್ಕಾಗಿಯೇ ಒಂದು ಆಸ್ಪತ್ರೆ ತೆರೆಯಿತಾದರೂ, ಈಥರ್ ಮತ್ತು ಕ್ಲೋರೋಫಾರಂ ಬಂದ ಮೇಲೆ ಅದರ ಅಗತ್ಯ ಉಳಿಯಲಿಲ್ಲ. ಇದೇ ಕಾಲದಲ್ಲಿ ಜೇಮ್ಸ್ ಬ್ರೇಡ್ ಎಂಬ ಇನ್ನೊಬ್ಬ ಶಸ್ತ್ರವೈದ್ಯನು ಕಾಂತಶಕ್ತಿಯ ಕಲ್ಪನೆಯನ್ನು ಕೈಬಿಟ್ಟು, ನಿದ್ರೆ ಎಂಬರ್ಥದ ಗ್ರೀಕ್ ಪದದಿಂದ ‘ಹಿಪ್ನಾಟಿಸಂ’ ಎಂಬ ಹೆಸರನ್ನು ಬಳಕೆಗೆ ತಂದನು. ಇದು ನಿದ್ರೆಯೇ ಅಲ್ಲವೆಂದು ಅವನಿಗೇ ಆಮೇಲೆ ಅರಿವಾಗಿ ಹೆಸರನ್ನು ಬದಲಿಸಲು ನೋಡಿದನು. ಅಷ್ಟರಲ್ಲಿ ಹೆಸರು ಊರೆಲ್ಲ ಹಬ್ಬಿತ್ತು.

ಬ್ರೇಡನು ತನ್ನ ಶಸ್ತ್ರಗಳ ಹೊಳೆಯುವ ಡಬ್ಬಿಯನ್ನು ರೋಗಿಯ ಕಣ್ಣಿನ ಮುಂದೆ ಹಿಡಿದು ಎವೆಯಿಕ್ಕದೆ ನೋಡುವಂತೆ ಹೇಳುತ್ತಿದ್ದನೆಂದು ನಾವು ಒಮ್ಮೆ ಶಿಬಿರದಲ್ಲಿ ಹೇಳಿದಾಗ ಹಿರಿಯ ಭಕ್ತರೊಬ್ಬರು, “ಹಾಗಾದರೆ ನಾವು ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಅನಿಮಿಷದೃಷ್ಟಿಯಿಂದ ನೋಡುವುದೂ ಇದೇ ಆಯಿತಲ್ಲವೇ?” ಎಂದರು. ಕೇಳಬೇಕಾದ ಪ್ರಶ್ನೆಯೇ ಸರಿ. ದೃಷ್ಟಿ ಒಂದೆಡೆ ನಿಂತಾಗ ಉಸಿರು ನಿಧಾನವಾಗುವುದು, ಹೊರಗಿನ ಸದ್ದು ದೂರವಾಗುವುದು ಇವೆರಡರಲ್ಲಿಯೂ ಕಾಣುವ ಶರೀರಧರ್ಮ. ಆದರೆ ಸಮ್ಮೋಹನ ಚಿಕಿತ್ಸೆಯ ಗುರಿ ಸೀಮಿತವಾದುದು. ಹೊಟ್ಟೆನೋವು ಕಡಿಮೆಯಾಗಬೇಕು, ಸೂಜಿಯ ಭಯ ಹೋಗಬೇಕು. ಅದು ಆದರೆ ಚಿಕಿತ್ಸೆ ಮುಗಿಯಿತು. ಅಲ್ಲಿ ಮತ್ತೊಬ್ಬರ ಮಾತು ಕೈಹಿಡಿದು ನಡೆಸುತ್ತದೆ. ಲಿಂಗಪೂಜೆಯಲ್ಲಿ ಭಕ್ತನು ರೋಗಲಕ್ಷಣದ ಲೆಕ್ಕ ಹಾಕುತ್ತ ಕುಳಿತಿರುವುದಿಲ್ಲ. ಶಿವಯೋಗದ ವಿಷಯದಲ್ಲಿ ಇದಕ್ಕಿಂತ ಮುಂದೆ ಹೋಗುವ ಅಧಿಕಾರ ಪೂಜ್ಯರದು, ನಮ್ಮದಲ್ಲ. ವೈದ್ಯರಾಗಿ ನಾವು ಹೇಳಬಹುದಾದುದಿಷ್ಟೇ: ಪ್ರತಿದಿನ ಪೂಜೆಗೆ ಕುಳಿತು ರೂಢಿಯಿರುವವರಿಗೆ ಸುಮ್ಮನೆ ಕುಳಿತು ಮನಸ್ಸನ್ನು ನಿಲ್ಲಿಸುವ ಮೊದಲ ಹೆಜ್ಜೆ ಕಷ್ಟವೆನಿಸುವುದಿಲ್ಲ. ಪೂಜೆಯ ಹೊತ್ತಿನಲ್ಲಿಯೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಎರಡನ್ನೂ ಒಟ್ಟಿಗೆ ಮುಗಿಸಿಬಿಡುವ ಆಲೋಚನೆ ಮಾತ್ರ ಬೇಡ. ಹಾಗೆ ಮಾಡುತ್ತಿರುವವರೂ ಇದ್ದಾರೆಂದು ಕೇಳಿ ನಮಗೆ ನಗು ಬಂತು, ಖೇದವೂ ಆಯಿತು.

ಇನ್ನು ಇದರಿಂದ ಪ್ರಯೋಜನವಿದೆಯೇ ಎಂಬ ವಿಚಾರ. ಎಲ್ಲಕ್ಕಿಂತ ಗಟ್ಟಿಯಾದ ಆಧಾರವಿರುವುದು ಕರುಳಿನ ಕೆರಳಿಕೆಯ ತೊಂದರೆಗೆ. ಐಬಿಎಸ್ ಎಂದು ವೈದ್ಯರು ಕರೆಯುವ ಈ ತೊಂದರೆಯಲ್ಲಿ ಪರೀಕ್ಷೆಗಳೆಲ್ಲ ಸರಿಯಾಗಿದ್ದರೂ ಹೊಟ್ಟೆ ನೋಯುತ್ತದೆ, ಉಬ್ಬರಿಸುತ್ತದೆ, ಭೇದಿಯೋ ಮಲಬದ್ಧತೆಯೋ ಕಾಡುತ್ತದೆ. ಬೇಲೂರಿನ ಆ ಮಗಳ ತೊಂದರೆಯೂ ಇದೇ ಇರಬಹುದು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಡಾ. ಪೀಟರ್ ವೋರ್ವೆಲ್ ಮತ್ತವರ ಸಹೋದ್ಯೋಗಿಗಳು ಬೇರಾವ ಚಿಕಿತ್ಸೆಗೂ ಬಗ್ಗದ 30 ರೋಗಿಗಳ ಮೇಲೆ ನಡೆಸಿದ ಪ್ರಯೋಗವನ್ನು 1984ರಲ್ಲಿ ಪ್ರಕಟಿಸಿದರು. ಮೂರು ತಿಂಗಳಲ್ಲಿ ಅರ್ಧರ್ಧ ಗಂಟೆಯ ಏಳು ಬೈಠಕ್ಕುಗಳಾದ ಮೇಲೆ ಸಮ್ಮೋಹನ ಪಡೆದವರು ಇತರರಿಗಿಂತ ಬಹಳ ಹೆಚ್ಚು ಸುಧಾರಿಸಿದ್ದರು. ಮನೆಯಲ್ಲಿ ದಿನವೂ ಕೇಳಿ ಅಭ್ಯಾಸ ಮಾಡಲು ಅವರಿಗೆ ಧ್ವನಿಸುರುಳಿಯನ್ನೂ ಕೊಡಲಾಗಿತ್ತು. ಇಂದಿನ ಆ್ಯಪ್‌ಗಳ ಅಜ್ಜ ಆ ಕ್ಯಾಸೆಟ್ಟೇ ಎನ್ನಬಹುದು. ಆದರೆ ಅದನ್ನು ಕೊಟ್ಟದ್ದು ರೋಗಿಯನ್ನು ಎದುರಿಗೆ ಕೂರಿಸಿಕೊಂಡು ನೋಡಿದ ವೈದ್ಯರು ಎಂಬುದನ್ನು ಮರೆಯಬಾರದು. ಬ್ರಿಟನ್ನಿನ ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿಯು 2008ರಿಂದಲೂ, 12 ತಿಂಗಳು ಔಷಧ ತೆಗೆದುಕೊಂಡರೂ ಗುಣ ಕಾಣದ ಐಬಿಎಸ್ ರೋಗಿಗಳಿಗೆ ಪರಿಗಣಿಸಬಹುದಾದ ಚಿಕಿತ್ಸೆಗಳಲ್ಲಿ ಇದನ್ನೂ ಹೆಸರಿಸಿದೆ.

ಶಸ್ತ್ರಚಿಕಿತ್ಸೆಗೆ ಅಥವಾ ಹಲ್ಲು ಕೀಳಿಸಲು ಹೋಗುವ ಮುನ್ನಿನ ಆತಂಕ, ಸುಟ್ಟಗಾಯದ ಪಟ್ಟಿ ಬದಲಿಸುವಾಗಿನ ನೋವು, ಬಹುಕಾಲದ ನೋವುಗಳು ಇಲ್ಲೆಲ್ಲ ಸಮ್ಮೋಹನವು ಔಷಧಕ್ಕೆ ಜೊತೆಯಾಗಿ ನೆರವಾಗುತ್ತದೆ. ನಿದ್ರೆಯ ವಿಷಯದಲ್ಲಿ ಕೆಲವರಿಗೆ ಹಿತವಾಗುತ್ತದೆ, ಆಧಾರ ಅಷ್ಟು ಗಟ್ಟಿಯಲ್ಲ. ಬೀಡಿ, ಸಿಗರೇಟು ಬಿಡಿಸುವುದಕ್ಕೆ ಇದೇ ರಾಮಬಾಣವೆಂದು ಜಾಹೀರಾತುಗಳು ಕೂಗುತ್ತವೆ. ಲಭ್ಯ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ 2019ರ ಕಾಕ್ರೇನ್ ವಿಮರ್ಶೆಯು ಇತರ ವಿಧಾನಗಳಿಗಿಂತ ಇದು ಮೇಲೆಂದು ಹೇಳಲು ಸಾಕಷ್ಟು ಆಧಾರವಿಲ್ಲವೆಂದು ತೀರ್ಮಾನಿಸಿತು. ಮಧುಮೇಹ, ರಕ್ತದೊತ್ತಡ, ಕ್ಯಾನ್ಸರ್ ಇವುಗಳನ್ನು ಸಮ್ಮೋಹನದಿಂದ ‘ಬುಡಸಹಿತ’ ಕಿತ್ತೊಗೆಯುವೆನೆಂದು ಹೇಳುವವರ ಮನೆಯ ಮೆಟ್ಟಿಲನ್ನು ಹತ್ತಲೇಬಾರದು. ಕ್ಯಾನ್ಸರಿನ ಔಷಧದಿಂದಾಗುವ ವಾಕರಿಕೆಯನ್ನು ತಗ್ಗಿಸುವುದು ಬೇರೆ, ಕ್ಯಾನ್ಸರನ್ನು ವಾಸಿಮಾಡುವುದು ಬೇರೆ.

ಎಲ್ಲರಿಗೂ ಇದು ಒಂದೇ ರೀತಿ ನಾಟುವುದಿಲ್ಲವೆಂಬುದೂ ತಿಳಿದಿರಲಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 1959ರಲ್ಲಿಯೇ ಇದನ್ನು ಅಳೆಯುವ ಮಾಪಕವೊಂದನ್ನು ರೂಪಿಸಿದರು. ಕೆಲವರು ಬೇಗನೆ ಆಳವಾಗಿ ಇಳಿಯುತ್ತಾರೆ, ಕೆಲವರಿಗೆ ಏನೂ ಆಗುವುದಿಲ್ಲ, ಬಹುಮಂದಿ ನಡುವೆ ನಿಲ್ಲುತ್ತಾರೆ. ಇದು ಬುದ್ಧಿಯ ಅಥವಾ ಮನೋಬಲದ ಕೊರತೆಯಲ್ಲ, ಸ್ವಭಾವ. ಎರಡು ವಾರ ಕೇಳಿಯೂ ಏನೂ ಆಗಲಿಲ್ಲವೆಂದು ತನ್ನನ್ನೇ ಹಳಿದುಕೊಂಡ ಹೆಣ್ಣುಮಗಳೊಬ್ಬಳನ್ನು ನಾವು ಕಂಡಿದ್ದೇವೆ. ಆ್ಯಪ್‌ನಲ್ಲಿ ಈ ಮಾತನ್ನು ಅವಳಿಗೆ ಹೇಳುವವರು ಯಾರೂ ಇರಲಿಲ್ಲ.

ಈಗ ಆ್ಯಪ್‌ಗಳ ಕಡೆ ಬರೋಣ. ಇವುಗಳಲ್ಲಿ ಎರಡು ಬಗೆಯುಂಟು. ಸ್ಟ್ಯಾನ್‌ಫರ್ಡಿನ ಮನೋವೈದ್ಯ ಡೇವಿಡ್ ಸ್ಪೀಗೆಲ್ ರೂಪಿಸಿದ ‘ರೆವೆರಿ’, ಆಸ್ಟ್ರೇಲಿಯಾದ ಸಂಸ್ಥೆಯೊಂದು ಕರುಳಿನ ತೊಂದರೆಗಾಗಿ ಮಾಡಿದ ‘ನರ್ವಾ’ ಇಂಥವುಗಳ ಹಿಂದೆ ಈ ವಿಷಯವನ್ನು ಅರಿತವರಿದ್ದಾರೆ. ‘ರೆಗ್ಯುಲೋರಾ’ ಎಂಬುದಕ್ಕೆ 2021ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಐಬಿಎಸ್ ಹೊಟ್ಟೆನೋವಿಗಾಗಿ ಅನುಮತಿ ನೀಡಿತು. ಅಲ್ಲಿ ಅದನ್ನು ವೈದ್ಯರ ಚೀಟಿಯ ಮೇಲೆ ಕೊಡುತ್ತಾರೆ. ಇನ್ನೊಂದು ಬಗೆಯವು ಹೆಸರಿಲ್ಲದ ಯಾರೋ ಮಾಡಿ, ಹಿತವಾದ ಸಂಗೀತ ಸೇರಿಸಿ, ಹಣ ಸಂಪತ್ತು ಆಕರ್ಷಣೆಯಿಂದ ಹಿಡಿದು ಬೋಳುತಲೆಯವರೆಗೆ ಎಲ್ಲಕ್ಕೂ ಒಂದೊಂದು ಧ್ವನಿಮುದ್ರಿಕೆ ಇಟ್ಟಿರುವಂಥವು. ಮೊಬೈಲಿನಲ್ಲಿ ಹುಡುಕಿದಾಗ ಎರಡೂ ಒಂದೇ ಸಾಲಿನಲ್ಲಿ, ಒಂದೇ ಅಂದದಲ್ಲಿ ಕಾಣಿಸುತ್ತವೆ.

ಒಳ್ಳೆಯ ಆ್ಯಪ್‌ನ ಅನುಕೂಲವನ್ನು ನಾವು ಅಲ್ಲಗಳೆಯುವುದಿಲ್ಲ. ಒಂದು ಬೈಠಕ್ಕಿಗೆ ತಜ್ಞರು ಪಡೆಯುವ ಶುಲ್ಕದಲ್ಲಿ ಹಲವು ತಿಂಗಳು ಕೇಳಬಹುದು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಆಗಲೂ ಅದು ಸಿದ್ಧವಿರುತ್ತದೆ. ಹಳೇಬೀಡಿನ ಸುತ್ತಲ ಹಳ್ಳಿಯೊಂದರಿಂದ ಹಾಸನಕ್ಕೆ ಹೋಗಿಬರಲು ಒಂದು ದಿನದ ಕೂಲಿ ಬಿಡಬೇಕಾದವರಿಗೆ ಇದು ಸಣ್ಣ ಸಂಗತಿಯಲ್ಲ. ಮನಸ್ಸಿನ ತೊಂದರೆಗೆ ಆಸ್ಪತ್ರೆಗೆ ಹೋದರೆ ಜನ ಏನೆನ್ನುವರೋ ಎಂಬ ಅಳುಕು ಇಲ್ಲಿಲ್ಲ. ಆ ಅಳುಕು ಸರಿಯಲ್ಲ, ಆದರೆ ಇದೆ.

ಕೊರತೆಗಳಲ್ಲಿ ಮೊದಲನೆಯದು ಭಾಷೆ. ಸಮ್ಮೋಹನದ ಏಕೈಕ ಔಷಧ ಮಾತು. ಆ ಮಾತು ಕೇಳುವವನ ಎದೆಗೆ ನೇರವಾಗಿ ಇಳಿಯಬೇಕು. ಹೆಸರಾದ ಆ್ಯಪ್‌ಗಳು ಹೆಚ್ಚಾಗಿ ಮಾತನಾಡುವುದು ಇಂಗ್ಲಿಷಿನಲ್ಲಿ, ಅದೂ ಹೊರದೇಶದ ಉಚ್ಚಾರದಲ್ಲಿ. ಪದಗಳನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸುತ್ತ ಕುಳಿತವನಿಗೆ ವಿಶ್ರಾಂತಿ ಎಲ್ಲಿಂದ ಬರಬೇಕು? ಚಿತ್ರಗಳೂ ಅಷ್ಟೆ. ಕಡಲ ತೀರದ ಬಿಳಿ ಮರಳಿನ ಮೇಲೆ ಬರಿಗಾಲಲ್ಲಿ ನಡೆಯಿರಿ ಎನ್ನುತ್ತದೆ ಧ್ವನಿ. ಕಡಲನ್ನು ಧರ್ಮಸ್ಥಳದ ಪ್ರವಾಸದಲ್ಲಿ ಒಮ್ಮೆ ನೋಡಿ ಬಂದ ತಾಯಿಗೆ ಅದಕ್ಕಿಂತ ಬಾಳೆಯ ನೆರಳು, ತೆಂಗಿನ ಗರಿಗಳ ಸದ್ದು, ಜೇನುಕಲ್ಲು ಬೆಟ್ಟದ ತುದಿಯ ತಂಗಾಳಿ ಹೆಚ್ಚು ಹತ್ತಿರ. ಯೂಟ್ಯೂಬಿನಲ್ಲಿ ಕನ್ನಡದ ಧ್ವನಿಮುದ್ರಿಕೆಗಳು ಸಿಗುತ್ತವೆ. ಆದರೆ ಮಾತನಾಡುತ್ತಿರುವವರು ಯಾರು, ಏನು ಓದಿದವರು ಎಂಬುದು ಹಲವದರಲ್ಲಿ ತಿಳಿಯುವುದಿಲ್ಲ. ನಡುವೆ ಜಾಹೀರಾತು ಅಬ್ಬರಿಸಿ ಅರೆನಿದ್ರೆಯಲ್ಲಿದ್ದವರನ್ನು ಬೆಚ್ಚಿಬೀಳಿಸುವುದೂ ಉಂಟು.

ಎರಡನೆಯ ಕೊರತೆ ಇದಕ್ಕಿಂತ ಗಂಭೀರವಾದುದು. ಆ್ಯಪ್‌ಗೆ ಎದುರಿಗಿರುವವರು ಕಾಣುವುದಿಲ್ಲ. ಸಮ್ಮೋಹನದಲ್ಲಿ ಆಳಕ್ಕೆ ಇಳಿಸಲು ಬಳಸುವ ರೂಢಿಯ ಚಿತ್ರವೊಂದಿದೆ: ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಯುತ್ತ ಹೋಗುವುದು. ನಮ್ಮ ಕಡೆಯವರಿಗೆ ಮೆಟ್ಟಿಲಿಳಿಯುವುದೆಂದರೆ ಕಲ್ಯಾಣಿ, ಇಲ್ಲವೇ ತೋಟದ ಬಾವಿ. ಮಗನನ್ನು ಬಾವಿಯಲ್ಲಿ ಕಳೆದುಕೊಂಡ ತಾಯಿಯೊಬ್ಬಳ ಕಿವಿಗೆ ಈ ಮಾತು ಬಿದ್ದರೆ ಏನಾದೀತು? ಅನುಭವವುಳ್ಳ ಚಿಕಿತ್ಸಕರು ಚಿತ್ರವನ್ನು ಆರಿಸುವ ಮೊದಲು ವಿಚಾರಿಸುತ್ತಾರೆ. ವಿಚಾರಿಸಲು ಮರೆತರೂ ಅವಳ ಉಸಿರು ಬಿಗಿಯುವುದನ್ನು, ಕೆನ್ನೆ ನಡುಗುವುದನ್ನು ಕಂಡು ಅಲ್ಲಿಯೇ ನಿಲ್ಲಿಸಿ, ನೀರು ಕೊಟ್ಟು, ಮಾತನಾಡಿಸುತ್ತಾರೆ. ಧ್ವನಿಮುದ್ರಿಕೆ ಎಂಟು, ಏಳು, ಆರು ಎಂದು ಎಣಿಸುತ್ತ ಇಳಿಸುತ್ತಲೇ ಹೋಗುತ್ತದೆ.

ಅರಸೀಕೆರೆಯ ಯಜಮಾನರ ವಿಷಯಕ್ಕೆ ಮರಳೋಣ. ಅವರ ಗೊರಕೆ ಏಕಪ್ರಕಾರವಾಗಿತ್ತೋ, ನಡುನಡುವೆ ಉಸಿರು ನಿಂತು ಮತ್ತೆ ಗಕ್ಕನೆ ಎಳೆಯುತ್ತಿದ್ದರೋ ಎಂದು ಆ ತಾಯಿಯನ್ನೇ ಕೇಳಿದೆವು. “ನಿಲ್ಲುತ್ತೆ ಡಾಕ್ಟ್ರೇ, ನಿಂತಾಗ ನನಗೆ ಜೀವವೇ ಹೋದ ಹಾಗಾಗುತ್ತೆ” ಎಂದರು. ಕತ್ತಿನ ಸುತ್ತಳತೆ ದಪ್ಪ, ರಕ್ತದೊತ್ತಡ ಹೆಚ್ಚು, ಹಗಲು ಅಂಗಡಿಯಲ್ಲಿ ಕುಳಿತಲ್ಲೇ ತೂಕಡಿಕೆ. ನಿದ್ರೆಯಲ್ಲಿ ಉಸಿರುಗಟ್ಟುವ ತೊಂದರೆಯ ಸಂಶಯವಿದ್ದುದರಿಂದ ಪರೀಕ್ಷೆಗೆ ಬರೆದುಕೊಟ್ಟೆವು. ಅದು ನಿಜವೇ ಆಯಿತು, ಈಗ ಅದಕ್ಕೆ ತಕ್ಕ ಚಿಕಿತ್ಸೆ ನಡೆದಿದೆ. ಈ ತೊಂದರೆಯಿರುವವರು ಸಮ್ಮೋಹನವನ್ನು ನೂರು ದಿನ ಕೇಳಿದರೂ ಗಂಟಲಿನ ದಾರಿ ತೆರೆಯುವುದಿಲ್ಲ. ಹೃದಯದ ಮೇಲಿನ ಭಾರ ಮಾತ್ರ ಹಾಗೆಯೇ ಮುಂದುವರಿಯುತ್ತದೆ. ಮೊಬೈಲಿನ ಧ್ವನಿಗೆ ಗೊರಕೆ ಕೇಳಿಸಲಿಲ್ಲ, ಮಡದಿಗೆ ಕೇಳಿಸಿತು. ಆದ್ದರಿಂದ ಯಾವುದೇ ಲಕ್ಷಣಕ್ಕೆ ಆ್ಯಪ್ ಹಿಡಿಯುವ ಮೊದಲು ಒಮ್ಮೆ ವೈದ್ಯರಿಗೆ ತೋರಿಸಿ ರೋಗ ಯಾವುದೆಂದು ಖಚಿತಪಡಿಸಿಕೊಳ್ಳಬೇಕು. ಹೊಟ್ಟೆಯ ತೊಂದರೆಯೊಂದಿಗೆ ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಕಂಡರಂತೂ, ಅಥವಾ 50 ದಾಟಿದವರಿಗೆ ಹೊಸದಾಗಿ ಶುರುವಾದರೆ, ತಡಮಾಡಲೇಬಾರದು.

ಹಾಗಾದರೆ ಚಿಕಿತ್ಸಕರ ಬಳಿಗೇ ಹೋದರಾಯಿತಲ್ಲ ಎನ್ನುವಂತೆಯೂ ಇಲ್ಲ. ಯಾರ ಬಳಿಗೆ ಎಂಬುದೇ ಅಲ್ಲಿಯ ತೊಡಕು. ‘ಹಿಪ್ನೋಥೆರಪಿಸ್ಟ್’ ಎಂಬ ಫಲಕ ಹಾಕಲು ನಮ್ಮ ದೇಶದಲ್ಲಿ ಪ್ರತ್ಯೇಕ ಸರ್ಕಾರಿ ಪರವಾನಗಿಯೆಂಬುದಿಲ್ಲ. ಶನಿವಾರ ಭಾನುವಾರದ ತರಗತಿಯಲ್ಲಿ ಪ್ರಮಾಣಪತ್ರ ಪಡೆದವರೂ, ಹತ್ತು ವರ್ಷ ಮನೋವೈದ್ಯಶಾಸ್ತ್ರ ಓದಿದವರೂ ಅದನ್ನೇ ಬರೆದುಕೊಳ್ಳಬಹುದು. ಆದ್ದರಿಂದ ಫಲಕವನ್ನು ಬಿಟ್ಟು ಮೂಲ ಓದನ್ನು ನೋಡಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮಾನಸಿಕ ಆರೋಗ್ಯ ವೃತ್ತಿಪರರು ಯಾರೆಂದು ಹೇಳುತ್ತದೆ: ಮನೋವೈದ್ಯರು, ಚಿಕಿತ್ಸಾ ಮನೋವಿಜ್ಞಾನಿಗಳು, ಮನೋವೈದ್ಯಕೀಯ ಸಮಾಜಕಾರ್ಯಕರ್ತರು, ಈ ವಿಭಾಗದ ತರಬೇತಿ ಪಡೆದ ದಾದಿಯರು ಮುಂತಾದವರು. ಮನೋವೈದ್ಯರಾದರೆ ವೈದ್ಯಕೀಯ ಮಂಡಳಿಯ ನೋಂದಣಿ ಇರುತ್ತದೆ. ಚಿಕಿತ್ಸಾ ಮನೋವಿಜ್ಞಾನಿಗಳಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಕೇಳಬಹುದು. ಕೇಳಿದರೆ ಒಳ್ಳೆಯವರು ಬೇಸರಪಟ್ಟುಕೊಳ್ಳುವುದಿಲ್ಲ. ಬೇಸರಪಟ್ಟುಕೊಂಡರೆ ಅದೇ ಒಂದು ಉತ್ತರ. ಸಮ್ಮೋಹನವು ಅವರ ಮೂಲ ವಿದ್ಯೆಯ ಮೇಲೆ ಸೇರಿದ ಒಂದು ಕೌಶಲವಾಗಿರಬೇಕು. ಅದೊಂದೇ ಅವರ ವಿದ್ಯೆಯಾಗಿದ್ದರೆ ಎಲ್ಲ ರೋಗಕ್ಕೂ ಅದೇ ಮದ್ದಾಗಿಬಿಡುತ್ತದೆ.

ಬೇಲೂರಿನ ಭಕ್ತರಿಗೆ ನಾವು ಹೇಳಿದ್ದೂ ಇದನ್ನೇ. ಹತ್ತು ಬೈಠಕ್ಕುಗಳ ಹಣವನ್ನು ಮುಂಗಡವಾಗಿ ಕೊಡುವುದು ಬೇಡ. ಮೊದಲ ಭೇಟಿಯಲ್ಲಿ ಒಳ್ಳೆಯ ಚಿಕಿತ್ಸಕರು ಸಮ್ಮೋಹನವನ್ನು ಮಾಡುವುದೇ ಅಪರೂಪ. ಊಟ, ನಿದ್ರೆ, ಓದು, ಮನೆಯ ವಾತಾವರಣ, ಹಿಂದಿನ ಕಾಯಿಲೆ, ಈಗ ನುಂಗುತ್ತಿರುವ ಮಾತ್ರೆ ಎಲ್ಲವನ್ನೂ ವಿಚಾರಿಸುವುದರಲ್ಲೇ ಆ ಹೊತ್ತು ಮುಗಿಯುತ್ತದೆ. ಹದಿನೆಂಟು ತುಂಬದ ಮಕ್ಕಳನ್ನು ಒಬ್ಬರೇ ಒಳಗೆ ಕಳುಹಿಸಬಾರದು. ತಂದೆಯೋ ತಾಯಿಯೋ ಕಾಣುವಷ್ಟು ದೂರದಲ್ಲಿರಬೇಕು. ವಯಸ್ಕ ಹೆಣ್ಣುಮಕ್ಕಳು ಬಯಸಿದರೆ ಜೊತೆಗೊಬ್ಬರನ್ನು ಕೂರಿಸಿಕೊಳ್ಳುವ ಹಕ್ಕು ಅವರಿಗಿದೆ. “ಜೊತೆಯವರಿದ್ದರೆ ಶಕ್ತಿ ಕೆಲಸಮಾಡುವುದಿಲ್ಲ” ಎನ್ನುವವರಿಂದ ಕೂಡಲೇ ಎದ್ದುಬರಬೇಕು. ಹೂಗ್ಲಿಯಲ್ಲಿ ನೋಡಬಯಸಿದವರನ್ನೆಲ್ಲ ಎದುರಿಗಿಟ್ಟುಕೊಂಡೇ ಅದು ಕೆಲಸಮಾಡಿತ್ತು.

ಇನ್ನೊಂದು ಎಚ್ಚರಿಕೆಯನ್ನು ತುಸು ಗಟ್ಟಿಯಾಗಿಯೇ ಹೇಳಬೇಕಾಗಿದೆ. ‘ಮರೆತುಹೋದ ನೆನಪನ್ನು ಹೊರತೆಗೆಯುತ್ತೇವೆ’, ‘ಹಿಂದಿನ ಜನ್ಮಕ್ಕೆ ಕರೆದೊಯ್ಯುತ್ತೇವೆ’ ಎನ್ನುವವರು ಹೆಚ್ಚಾಗಿದ್ದಾರೆ. ಸಮ್ಮೋಹನದ ಸ್ಥಿತಿಯಲ್ಲಿ ಮನಸ್ಸು ಕಲ್ಪನೆಯನ್ನೂ ನೆನಪನ್ನೂ ಬೇರ್ಪಡಿಸುವುದರಲ್ಲಿ ದುರ್ಬಲವಾಗುತ್ತದೆ. ಕೇಳುವವರು ಬಯಸಿದ ಉತ್ತರ ನೆನಪಿನ ವೇಷದಲ್ಲಿ ಎದ್ದುಬರುತ್ತದೆ, ಮತ್ತು ಎದ್ದುಬಂದ ಮೇಲೆ ಅದು ನಿಜವೆಂದೇ ಗಟ್ಟಿಯಾಗಿ ಕೂರುತ್ತದೆ. ಅಮೆರಿಕದಲ್ಲಿ 1980 ಮತ್ತು 90ರ ದಶಕಗಳಲ್ಲಿ ಹೀಗೆ ‘ಹೊರಬಂದ’ ನೆನಪುಗಳ ಆಧಾರದ ಮೇಲೆ ಮಕ್ಕಳು ತಂದೆತಾಯಿಗಳ ಮೇಲೆ ಮೊಕದ್ದಮೆ ಹೂಡಿ, ಸಂಸಾರಗಳು ಒಡೆದುಹೋದವು. ನಮ್ಮಲ್ಲಿ ಆಸ್ತಿಯ ವಿಷಯದಲ್ಲಿ ಮೊದಲೇ ಮನಸ್ತಾಪವಿರುವ ಮನೆಯಲ್ಲಿ, ಚಿಕ್ಕಪ್ಪನೇ ಮಾಟ ಮಾಡಿಸಿದ್ದನೆಂಬ ‘ನೆನಪು’ ಒಂದು ಎದ್ದರೆ ಅದರ ಗತಿ ಏನೆಂದು ಊಹಿಸಿಕೊಳ್ಳಿ. ಒಳ್ಳೆಯ ಚಿಕಿತ್ಸಕರು ನೆನಪನ್ನು ಅಗೆಯಲು ಸಮ್ಮೋಹನವನ್ನು ಬಳಸುವುದಿಲ್ಲ.

ಆ್ಯಪ್ ಆಗಲಿ ಚಿಕಿತ್ಸಕರಾಗಲಿ, ಸಮ್ಮೋಹನವನ್ನೇ ಬದಿಗಿಟ್ಟು ಮೊದಲು ಮನೋವೈದ್ಯರನ್ನು ಕಾಣಬೇಕಾದವರಿದ್ದಾರೆ. ಇಲ್ಲದ ದನಿ ಕೇಳಿಸುವವರು, ಅತಿಯಾದ ಸಂಶಯ ಕಾಡುವವರು, ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಬರುವವರು, ಮೂರ್ಛೆರೋಗವುಳ್ಳವರು ವೈದ್ಯರ ಒಪ್ಪಿಗೆಯಿಲ್ಲದೆ ಇದನ್ನು ಮುಟ್ಟಬಾರದು. ಮದ್ಯಕ್ಕೆ ದಾಸರಾದವರು ಆ್ಯಪ್ ನಂಬಿ ಒಮ್ಮೆಲೇ ಬಿಟ್ಟರೆ ನಡುಕ, ಫಿಟ್ಸ್, ಬುದ್ಧಿಭ್ರಮೆ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಬಿಡಲೇಬೇಕು, ಆದರೆ ವೈದ್ಯರ ನೋಟದಲ್ಲಿ ಬಿಡಬೇಕು. ಬದುಕು ಬೇಡವೆನಿಸುತ್ತಿದ್ದರೆ ಧ್ವನಿಮುದ್ರಿಕೆಯ ಮುಂದೆ ಒಬ್ಬರೇ ಕೂರಬಾರದು, ಒಬ್ಬ ಮನುಷ್ಯರೊಡನೆ ಆಗಲೇ ಮಾತನಾಡಬೇಕು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿದೆ. 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಹಾಗೆಯೇ, ಮನಸ್ಸಿನ ಕಾಯಿಲೆಗೆ ಈಗಾಗಲೇ ಮಾತ್ರೆ ನುಂಗುತ್ತಿರುವವರು ಆ್ಯಪ್ ಕೇಳಿ ಹಿತವಾಯಿತೆಂದು ಅದನ್ನು ತಾವಾಗಿಯೇ ನಿಲ್ಲಿಸಬಾರದು. ಹಾಗೆ ನಿಲ್ಲಿಸಿ ಮತ್ತೆ ಕಾಯಿಲೆ ಮರುಕಳಿಸಿದವರನ್ನು ನಾವು ನೋಡಿದ್ದೇವೆ.

ನಮ್ಮ ಮೂರೂ ಊರುಗಳಿಗೆ ಹತ್ತಿರದ ದಾರಿ ಹಾಸನವೇ. ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೂ ಬರುವ ಏರ್ಪಾಡಿದೆ. ಯಾವ ದಿನವೆಂದು ಅರಸೀಕೆರೆ, ಬೇಲೂರು ಆಸ್ಪತ್ರೆಗಳಲ್ಲಿ ವಿಚಾರಿಸಿಕೊಂಡು ಹೋಗಬಹುದು. ಅಲ್ಲಿ ಸಮ್ಮೋಹನವನ್ನೇ ಮಾಡುವರೆಂದಲ್ಲ. ಅದು ಬೇಕೋ ಬೇಡವೋ, ಬೇಕಾದರೆ ಯಾರು ಸರಿ ಎಂಬುದನ್ನು ಹೇಳಬಲ್ಲವರು ಅಲ್ಲಿದ್ದಾರೆ. ಬೆಂಗಳೂರಿನ ತಜ್ಞರನ್ನು ವೀಡಿಯೊ ಕರೆಯಲ್ಲಿ ಕಾಣುವುದೂ ಈಗ ಸಾಧ್ಯ. ಮೊದಲ ಭೇಟಿಯನ್ನು ಮಾತ್ರ ಮುಖಾಮುಖಿಯಾಗಿಯೇ ಮಾಡುವುದು ಒಳಿತೆಂದು ನಮ್ಮ ಅಭಿಪ್ರಾಯ. ಅರಸೀಕೆರೆಯಿಂದ ಬೆಳಗಿನ ರೈಲು ಹಿಡಿದರೆ ರಾತ್ರಿಗೆ ಮನೆ ಸೇರಬಹುದು.

ಒಟ್ಟಾರೆ ನಾವು ಯಾರಿಗೆ ಯಾವುದನ್ನು ಹೇಳುತ್ತೇವೆ? ವೈದ್ಯರು ನೋಡಿ ಅಪಾಯದ ಕಾರಣವಿಲ್ಲವೆಂದು ಹೇಳಿದ ಮೇಲೆ, ಇಂಗ್ಲಿಷ್ ಸರಾಗವಾಗಿ ತಿಳಿಯುವ, ಪರೀಕ್ಷೆಯ ಅಳುಕು, ಹಗುರವಾದ ನಿದ್ರಾಭಂಗ, ಐಬಿಎಸ್‌ನಂಥ ತೊಂದರೆಯಿರುವವರು ಒಳ್ಳೆಯ ಆ್ಯಪ್ ಒಂದನ್ನು ಆರು ವಾರ ದಿನವೂ ತಪ್ಪದೆ ಕೇಳಿ ನೋಡಲಿ. ಏನೂ ಬದಲಾಗದಿದ್ದರೆ ಚಿಕಿತ್ಸಕರ ಬಳಿಗೆ ಹೋಗಲಿ. ಅಗಲಿಕೆಯ ದುಃಖ, ಅಪಘಾತ ಅಥವಾ ದೌರ್ಜನ್ಯದ ನೆನಪು, ವರ್ಷಗಟ್ಟಲೆಯ ಭಯ, ಕಣ್ಣುಮುಚ್ಚಿದರೆ ಅಳು ಉಕ್ಕಿಬರುವ ಸ್ಥಿತಿ ಇರುವವರಿಗೆ ಆ್ಯಪ್ ತಕ್ಕುದಲ್ಲ. ಅವರಿಗೆ ಎದುರಿಗೆ ಮನುಷ್ಯರೇ ಬೇಕು. ಇವೆರಡರ ನಡುವಿನ ದಾರಿಯೂ ಒಂದಿದೆ, ನಮಗೆ ಮೆಚ್ಚುಗೆಯಾದುದು ಅದೇ. ಎರಡು ಮೂರು ಬೈಠಕ್ಕುಗಳಾದ ಮೇಲೆ, ನಿಮಗಾಗಿ ಆರಿಸಿದ ಮಾತುಗಳನ್ನು ನಿಮ್ಮದೇ ಮೊಬೈಲಿನಲ್ಲಿ ಕನ್ನಡದಲ್ಲಿ ಧ್ವನಿಮುದ್ರಿಸಿಕೊಡುವಂತೆ ಚಿಕಿತ್ಸಕರನ್ನು ಕೇಳಿಕೊಳ್ಳುವುದು. ಅನೇಕರು ಸಂತೋಷದಿಂದ ಮಾಡಿಕೊಡುತ್ತಾರೆ. ಮ್ಯಾಂಚೆಸ್ಟರಿನ ಕ್ಯಾಸೆಟ್ಟು ಹೀಗೆಯೇ ಅಲ್ಲವೇ ಮನೆ ಸೇರಿದ್ದು. ಪ್ರಯಾಣದ ಖರ್ಚು ಉಳಿಯುತ್ತದೆ, ಮಾತು ನಿಮ್ಮದಾಗಿರುತ್ತದೆ.

ಆ್ಯಪ್ ಬಳಸುವವರಿಗೆ ಕೆಲವು ಸಣ್ಣ ಮಾತುಗಳು. ‘ಏಳು ದಿನ ಉಚಿತ’ ಎಂದಿರುವುದಕ್ಕೆ ಖಾತೆಯ ವಿವರ ಕೊಟ್ಟರೆ ಎಂಟನೆಯ ದಿನ ಇಡೀ ವರ್ಷದ ಹಣ ತಾನಾಗಿಯೇ ಕಡಿತವಾಗುವುದುಂಟು. ಅದನ್ನು ನಿಲ್ಲಿಸುವ ಬಗೆಯನ್ನು ಮಕ್ಕಳಿಂದ ಮೊದಲೇ ಕೇಳಿಕೊಳ್ಳಿ. ನಿಮ್ಮ ಕಾಯಿಲೆ, ಮಾತ್ರೆ, ಮನಸ್ಸಿನ ಸ್ಥಿತಿಯ ಬಗ್ಗೆ ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರಿಸಲೇಬೇಕೆಂದಿಲ್ಲ. ಕೇಳುವುದು ಮಲಗುವ ಕೋಣೆಯಲ್ಲಿ, ಬಾಗಿಲು ಮುಂದೆ ಮಾಡಿ, ಧ್ವನಿ ತಗ್ಗಿಸಿ. ಬೈಕು ಓಡಿಸುವಾಗ, ಟ್ರ್ಯಾಕ್ಟರಿನ ಮೇಲೆ, ಕಾಯಿ ಸುಲಿಯುವ ಹಾರೆಯ ಮುಂದೆ, ಒಲೆಯ ಪಕ್ಕದಲ್ಲಿ ಎಂದಿಗೂ ಬೇಡ. ಮುಗಿದ ಮೇಲೆ ಕೈಕಾಲು ಚಾಚಿ, ಮುಖ ತೊಳೆದು, ಪೂರ್ತಿ ಎಚ್ಚರವಾಯಿತೆಂದು ಖಚಿತಪಡಿಸಿಕೊಂಡು ಮುಂದಿನ ಕೆಲಸಕ್ಕೆ ಏಳಿ. ಕೇಳುತ್ತಿರುವಾಗ ಎದೆಬಡಿತ ಹೆಚ್ಚಿದರೆ, ಹೆದರಿಕೆಯಾದರೆ, ಬೇಡದ ದೃಶ್ಯಗಳು ಬಂದರೆ ಅಲ್ಲಿಯೇ ನಿಲ್ಲಿಸಿ, ದೀಪ ಹಾಕಿ, ಮನೆಯವರಲ್ಲಿ ಒಬ್ಬರನ್ನು ಎಬ್ಬಿಸಿ. ಅದು ಎಷ್ಟನೆಯ ನಿಮಿಷದಲ್ಲಿ, ಯಾವ ಮಾತಿಗೆ ಆಯಿತೆಂದು ಬರೆದಿಟ್ಟುಕೊಂಡು ವೈದ್ಯರಲ್ಲಿಗೆ ಬರುವಾಗ ತನ್ನಿ.